ಓದಿನ ಋಣಕ್ಕೆ ನಾಲ್ಕು ವರ್ಷದ ಸಮವಸ್ತ್ರ

(ಕಾಲೇಜೊಂದರ ರಾಷ್ಟ್ರೀಯ ಸೇವಾ ಯೋಜನೆ ಘಟಕದ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಇನ್ನೊಬ್ಬರ ಮಾತನ್ನು ಬರೆದುಕೊಳ್ಳುವುದು ನನ್ನ ಕಸುಬು. ಇಂದು ನಾನೇ ಮಾತನಾಡಬೇಕಾಗಿ ಬಂದಿದೆ. ಅದಕ್ಕೆ ನಿಮ್ಮಲ್ಲೇ ಒಬ್ಬರು ಕಾರಣ. ಕಳೆದ ತಿಂಗಳು ವಿದ್ಯಾರ್ಥಿವೇತನ ತಡವಾದ ಸುದ್ದಿಗಾಗಿ ನಾನು ಇಲ್ಲಿಗೆ ಬಂದಿದ್ದಾಗ, ಅಂತಿಮ ಬಿ.ಎ. ಓದುತ್ತಿರುವ ವಿದ್ಯಾರ್ಥಿಯೊಬ್ಬ ಗೇಟಿನವರೆಗೂ ಹಿಂದೆಯೇ ಬಂದು ಕೇಳಿದ: ‘ನೀವು ದಿನಾ ಪೊಲೀಸ್ ಠಾಣೆಗೆ ಹೋಗುವವರು. ಸರ್ಕಾರ ನಮ್ಮ ಫೀಸು, ಹಾಸ್ಟೆಲ್ ಖರ್ಚು ಕಟ್ಟಿದರೆ ನಾವು ಕೆಲವು ವರ್ಷ ಪೊಲೀಸ್ ಕೆಲಸ ಮಾಡಿಕೊಡುತ್ತೇವೆ. ಅಂಥದೊಂದು ಯೋಜನೆ ಏಕಿಲ್ಲ?’

ತಕ್ಷಣಕ್ಕೆ ಉತ್ತರ ತೋಚಲಿಲ್ಲ. ಮನೆಗೆ ಹೋಗಿ ಹಳೆಯ ಕಡತ, ಪುಸ್ತಕಗಳನ್ನು ಹುಡುಕಿದಾಗ ಇಂಥದೊಂದು ಯೋಜನೆ ಇತ್ತೆಂದು ತಿಳಿಯಿತು. ಇದ್ದದ್ದು ಇಲ್ಲಲ್ಲ, ಅಮೆರಿಕದಲ್ಲಿ. ಅದರ ಹೆಸರು ‘ಪೊಲೀಸ್ ಕೋರ್’. ನಮ್ಮ ಎನ್‌ಸಿಸಿಯ ಕೊನೆಯ ‘ಸಿ’ ಯಾವ ಶಬ್ದವೋ ಅದೇ ಶಬ್ದ, ದಳ ಎಂದರ್ಥ. ಆ ಯೋಜನೆ ಹುಟ್ಟಿದ್ದು ಹೇಗೆ, ಸೊರಗಿದ್ದು ಏಕೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ. ಆ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರವೂ ಅದರಲ್ಲೇ ಇದೆ ಎಂದು ನನ್ನ ನಂಬಿಕೆ.

ಅಂಚೆಯಣ್ಣ ತಂದ ಹೊಸ ವಿಚಾರ

ಪೊಲೀಸರಿಗೆ ಕಾಲೇಜು ಶಿಕ್ಷಣ ಬೇಕೆ ಎಂಬ ಪ್ರಶ್ನೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಅದನ್ನು ಗಟ್ಟಿಯಾಗಿ ಎತ್ತಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದ ಆಗಸ್ಟ್ ವೋಲ್ಮರ್. ಮೊದಲು ಮನೆಮನೆಗೆ ಕಾಗದ ಹಂಚುವ ಅಂಚೆಯವರಾಗಿದ್ದ ಅವರು 1905ರಲ್ಲಿ ಪಟ್ಟಣದ ಮಾರ್ಷಲ್ ಆಗಿ ಚುನಾಯಿತರಾದರು. 1909ರಲ್ಲಿ ಪೊಲೀಸ್ ಮುಖ್ಯಸ್ಥರಾದರು. ತಾವು ಹೆಚ್ಚು ಓದಿದವರಲ್ಲದಿದ್ದರೂ ತಮ್ಮ ಸಿಬ್ಬಂದಿ ಓದಿರಬೇಕೆಂದು ಹಟ ತೊಟ್ಟರು. 1908ರಲ್ಲೇ ಪೊಲೀಸರಿಗೆಂದು ಶಾಲೆ ತೆರೆದರು. ಮೊದಲ ಮಹಾಯುದ್ಧದ ನಂತರ ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೇ ಕೆಲಸಕ್ಕೆ ಸೇರಿಸಿಕೊಂಡರು. ಜನ ಅವರನ್ನು ‘ಕಾಲೇಜ್ ಕಾಪ್ಸ್’ ಎಂದು ಹಾಸ್ಯ ಮಾಡಿದರು.

ಈ ವಿಚಾರ ದೇಶದ ಮಟ್ಟಕ್ಕೆ ಏರಲು ಮತ್ತೆ ಅರ್ಧ ಶತಮಾನ ಬೇಕಾಯಿತು. 1967ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ಅಪರಾಧ ಆಯೋಗ, ಪೂರ್ಣಾಧಿಕಾರವುಳ್ಳ ಪ್ರತಿಯೊಬ್ಬ ಪೊಲೀಸನೂ ಪದವೀಧರನಾಗಿರಬೇಕು, ಅದೇ ಅಂತಿಮ ಗುರಿ ಎಂದು ಹೇಳಿತು. ಮರುವರ್ಷದ ಕಾನೂನಿನಡಿ ಒಂದು ಶಿಕ್ಷಣ ನೆರವು ಕಾರ್ಯಕ್ರಮ ಆರಂಭವಾಯಿತು. ಪೊಲೀಸ್ ಕೆಲಸಕ್ಕೆ ಸೇರಬಯಸುವ ವಿದ್ಯಾರ್ಥಿಗೆ ವರ್ಷಕ್ಕೆ 1,800 ಡಾಲರ್‌ವರೆಗೆ ಸಾಲ. ಕೆಲಸಕ್ಕೆ ಸೇರಿ ಪೂರೈಸಿದ ಪ್ರತಿ ವರ್ಷಕ್ಕೆ ಸಾಲದ ಕಾಲು ಭಾಗ ಮನ್ನಾ. ನಾಲ್ಕು ವರ್ಷ ದುಡಿದರೆ ಸಾಲವೆಲ್ಲ ತೀರಿತು. ಈಗಾಗಲೇ ಕೆಲಸದಲ್ಲಿದ್ದವರಿಗೆ ಓದಲು ಪ್ರತ್ಯೇಕ ಧನಸಹಾಯ.

ಹಣ ಹರಿದುಬಂತು. ಎಪ್ಪತ್ತರ ದಶಕದ ಮಧ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಖರ್ಚಾಗುತ್ತಿತ್ತು. ಸುಮಾರು ಒಂದು ಸಾವಿರ ಕಾಲೇಜುಗಳು ಈ ಹಣ ಪಡೆಯುತ್ತಿದ್ದವು. ಹಣ ಬಂದಲ್ಲಿ ಅಂಗಡಿಯೂ ತೆರೆಯುತ್ತದೆ. ರಾತ್ರೋರಾತ್ರಿ ‘ಪೊಲೀಸ್ ವಿಜ್ಞಾನ’ದ ವಿಭಾಗಗಳು ಹುಟ್ಟಿಕೊಂಡವು. ನಿವೃತ್ತ ಪೊಲೀಸ್ ಅಧಿಕಾರಿಗಳೇ ಮೇಷ್ಟ್ರು, ಕೆಲಸದಲ್ಲಿರುವ ಪೊಲೀಸರೇ ವಿದ್ಯಾರ್ಥಿಗಳು. ಠಾಣೆಯಲ್ಲಿ ಆಡುವ ಮಾತೇ ತರಗತಿಯಲ್ಲಿ ಪಾಠವಾಯಿತು. 1978ರಲ್ಲಿ ಲಾರೆನ್ಸ್ ಶೆರ್ಮನ್ ಬರೆದ ರಾಷ್ಟ್ರೀಯ ಸಲಹಾ ಆಯೋಗದ ವರದಿ ಇದನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿತು. ಅದರ ಸಾರ ಇಷ್ಟು: ಪೊಲೀಸರಾದವರಿಗೆ ಕಲಿಸಲು ಹೊರಡುವುದಕ್ಕಿಂತ ಕಲಿತವರನ್ನು ಪೊಲೀಸರನ್ನಾಗಿ ಮಾಡಿಕೊಳ್ಳಿ.

ಮೇಲ್ನೋಟಕ್ಕೆ ಇದು ಮಾತಿನ ಚಮತ್ಕಾರದಂತೆ ಕಾಣಬಹುದು. ಆದರೆ ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ. ಸಮವಸ್ತ್ರ ಮೊದಲೋ, ಪುಸ್ತಕ ಮೊದಲೋ? ಮೊದಲು ಸಮವಸ್ತ್ರ ತೊಟ್ಟವನಿಗೆ ಪದವಿ ಎಂಬುದು ಬಡ್ತಿಯ ಮೆಟ್ಟಿಲು. ಮೊದಲು ಇತಿಹಾಸವನ್ನೋ, ಸಾಹಿತ್ಯವನ್ನೋ, ರಸಾಯನಶಾಸ್ತ್ರವನ್ನೋ ಓದಿ ಬಗೆಬಗೆಯ ಸಹಪಾಠಿಗಳೊಡನೆ ವಾದಿಸಿ ಬಂದವನು ಬೀದಿಯನ್ನು ಬೇರೆ ಕಣ್ಣಿನಿಂದ ನೋಡಿಯಾನು ಎಂಬ ನಿರೀಕ್ಷೆ ಇತ್ತು.

ಕೆನಡಿಯ ಭಾಷಣಕಾರನ ಕನಸು

ಆ ಹಳೆಯ ಕಾರ್ಯಕ್ರಮವನ್ನು ನಡೆಸುತ್ತಿದ್ದ ಕೇಂದ್ರದ ಸಂಸ್ಥೆಯೇ 1982ರಲ್ಲಿ ಮುಚ್ಚಿತು. ಅದೇ ಹೊತ್ತಿಗೆ ನ್ಯೂಯಾರ್ಕಿನ ವಕೀಲ ಆಡಂ ವಾಲಿನ್‌ಸ್ಕಿ ಹೊಸದೊಂದು ಪ್ರಸ್ತಾಪ ಹಿಡಿದು ಹೊರಟರು. ಇವರು ಸೆನೆಟರ್ ರಾಬರ್ಟ್ ಕೆನಡಿಯವರ ಸಹಾಯಕರಾಗಿ, ಅವರ ಭಾಷಣಗಳನ್ನು ಬರೆಯುತ್ತಿದ್ದವರು. 1968ರಲ್ಲಿ ಕೆನಡಿ ಗುಂಡಿಗೆ ಬಲಿಯಾದರು. ಮುಂದೆ ವಾಲಿನ್‌ಸ್ಕಿ ನ್ಯೂಯಾರ್ಕ್ ರಾಜ್ಯದ ತನಿಖಾ ಆಯೋಗದ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು.

ಅವರ ಕಣ್ಣ ಮುಂದಿದ್ದ ಮಾದರಿ ಸೇನೆಯದು. ಅಮೆರಿಕದ ಕಾಲೇಜುಗಳಲ್ಲಿ ಮೀಸಲು ಅಧಿಕಾರಿಗಳ ತರಬೇತಿ ದಳ 1916ರಿಂದಲೂ ಇದೆ; 1964ರಿಂದ ಅದರಡಿ ವಿದ್ಯಾರ್ಥಿವೇತನವೂ ಉಂಟು. ಸೇನೆ ಓದಿಸುತ್ತದೆ, ಓದಿದವನು ಕೆಲವು ವರ್ಷ ಸೇನೆಯಲ್ಲಿ ಅಧಿಕಾರಿಯಾಗಿ ದುಡಿಯುತ್ತಾನೆ. ಗಡಿ ಕಾಯುವವರನ್ನು ಹೀಗೆ ತಯಾರು ಮಾಡಬಹುದಾದರೆ ಊರು ಕಾಯುವವರನ್ನೇಕೆ ಮಾಡಬಾರದು ಎಂಬುದು ವಾಲಿನ್‌ಸ್ಕಿ ಅವರ ಪ್ರಶ್ನೆ.

ಅವರ ವಾದದಲ್ಲಿ ಇನ್ನೊಂದು ಎಳೆಯೂ ಇತ್ತು. ಈ ಯುವಕರೆಲ್ಲ ಜೀವನಪೂರ್ತಿ ಪೊಲೀಸರಾಗಿಯೇ ಉಳಿಯಬೇಕಿಲ್ಲ. ನಾಲ್ಕು ವರ್ಷ ಬೀದಿ ಕಾದು ನಂತರ ವಕೀಲರಾಗಲಿ, ಅಧ್ಯಾಪಕರಾಗಲಿ, ವ್ಯಾಪಾರಿಗಳಾಗಲಿ. ಪೊಲೀಸ್ ಕೆಲಸದ ಕಷ್ಟ ಏನು, ಅದರ ಕೇಡು ಏನು ಎಂಬುದನ್ನು ಒಳಗಿನಿಂದ ಬಲ್ಲ ನಾಗರಿಕರು ಸಮಾಜದಲ್ಲಿ ಹರಡಿಕೊಳ್ಳುತ್ತಾರೆ. ಆಗ ಠಾಣೆ ಮತ್ತು ಊರಿನ ನಡುವಿನ ಗೋಡೆ ತುಸು ತೆಳುವಾಗುತ್ತದೆ.

ಕಾಲವೂ ಅಂಥದ್ದಾಗಿತ್ತು. 1990ರಲ್ಲಿ ನ್ಯೂಯಾರ್ಕ್ ನಗರವೊಂದರಲ್ಲೇ 2,200ಕ್ಕೂ ಹೆಚ್ಚು ಕೊಲೆಗಳಾದವು. ಅರವತ್ತರ ದಶಕದಲ್ಲಿ ದೇಶದಲ್ಲಿ ಒಂದು ಹಿಂಸಾಪರಾಧಕ್ಕೆ ಮೂವರಿಗೂ ಹೆಚ್ಚು ಪೊಲೀಸರಿದ್ದರು, 1993ರಲ್ಲಿ ಒಬ್ಬ ಪೊಲೀಸನಿಗೆ ಮೂರಕ್ಕೂ ಹೆಚ್ಚು ಹಿಂಸಾಪರಾಧಗಳಿದ್ದವು; ಲೆಕ್ಕ ತಲೆಕೆಳಗಾಗಿದೆ ಎಂದು ವಾಲಿನ್‌ಸ್ಕಿ 1995ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬರೆದರು.

ಇನ್ನೊಂದು ಕಡೆ ಪೊಲೀಸರ ಮೇಲಿನ ನಂಬಿಕೆಯೂ ಕುಸಿದಿತ್ತು. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ರಸ್ತೆಯಲ್ಲಿ ಬಡಿದ ದೃಶ್ಯವನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಮರುವರ್ಷ ಆ ಪೊಲೀಸರು ಬಹುತೇಕ ಎಲ್ಲ ಆರೋಪಗಳಿಂದ ಬಿಡುಗಡೆಯಾದಾಗ ನಗರ ಹೊತ್ತಿ ಉರಿಯಿತು; ಐವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚು ಪೊಲೀಸರು ಬೇಕು ಎಂದವರಿಗೂ, ಬೇರೆ ಬಗೆಯ ಪೊಲೀಸರು ಬೇಕು ಎಂದವರಿಗೂ ಪೊಲೀಸ್ ಕೋರ್ ಒಪ್ಪಿಗೆಯಾಯಿತು. 1989ರಷ್ಟು ಹಿಂದೆಯೇ ಸೆನೆಟ್‌ನಲ್ಲಿ ಇದಕ್ಕಾಗಿ ಮಸೂದೆ ತಂದವರಲ್ಲಿ ರಿಪಬ್ಲಿಕನ್ ಪಕ್ಷದ ಅರ್ಲೆನ್ ಸ್ಪೆಕ್ಟರ್ ಇದ್ದರು, ಡೆಮಾಕ್ರಟಿಕ್ ಪಕ್ಷದ ಜಿಮ್ ಸ್ಯಾಸರ್ ಕೂಡ ಇದ್ದರು. 1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ಇದನ್ನು ಬೆಂಬಲಿಸಿದರು. 1994ರ ಸೆಪ್ಟೆಂಬರ್ 13ರಂದು ಅವರು ಸಹಿ ಹಾಕಿದ ಬೃಹತ್ ಅಪರಾಧ ನಿಯಂತ್ರಣ ಕಾನೂನಿನಲ್ಲಿ ಪೊಲೀಸ್ ಕೋರ್‌ಗೂ ಒಂದು ಅಧ್ಯಾಯ ಸಿಕ್ಕಿತು.

ಬಾಂಡಿನಲ್ಲಿ ಏನಿತ್ತು?

ನೀವು ವಿದ್ಯಾರ್ಥಿಗಳು. ಆದ್ದರಿಂದ ಷರತ್ತುಗಳನ್ನು ಬಿಡಿಸಿಯೇ ಹೇಳುತ್ತೇನೆ.

ಆಯ್ಕೆಯಾದ ವಿದ್ಯಾರ್ಥಿಗೆ ವರ್ಷಕ್ಕೆ 7,500 ಡಾಲರ್‌ವರೆಗೆ, ಒಟ್ಟು 30,000 ಡಾಲರ್‌ವರೆಗೆ ಶಿಕ್ಷಣದ ವೆಚ್ಚ. ಆಗಲೇ ಖರ್ಚು ಮಾಡಿದ್ದವರಿಗೆ ಅದನ್ನು ಮರಳಿ ಕೊಡುವ ಅವಕಾಶವೂ ಇತ್ತು. ಓದುವ ವಿಷಯ ಅಪರಾಧಶಾಸ್ತ್ರವೇ ಆಗಬೇಕೆಂದಿರಲಿಲ್ಲ. ಹಿಂದಿನ ಕಾರ್ಯಕ್ರಮದಿಂದ ಕಲಿತ ಪಾಠ ಇದು. ಪದವಿಯ ಜೊತೆಗೆ ಒಂದೇ ಕಡೆ ವಾಸವಿದ್ದು ಪಡೆಯುವ ತರಬೇತಿ. ಮೊದಲು 16 ವಾರ ಎಂದಿದ್ದುದು ನಂತರ 24 ವಾರಗಳವರೆಗೆ ಹಿಗ್ಗಿತು. ಕುಡಿದು ಕೂಗಾಡುವವನ ಮನೆ, ಗಂಡ ಹೆಂಡತಿಯ ಜಗಳ, ಕತ್ತಲಲ್ಲಿ ನಿಲ್ಲಿಸಿದ ಕಾರು ಮುಂತಾದ ಸಂದರ್ಭಗಳನ್ನು ನಾಟಕದಂತೆ ಆಡಿಸಿ ಕಲಿಸುವ ಕ್ರಮಕ್ಕೆ ಇಲ್ಲಿ ಒತ್ತು ಸಿಕ್ಕಿತು.

ಇದಕ್ಕೆ ಪ್ರತಿಯಾಗಿ ರಾಜ್ಯದ ಅಥವಾ ನಗರದ ಪೊಲೀಸ್ ಇಲಾಖೆಯಲ್ಲಿ ನಾಲ್ಕು ವರ್ಷ ಸೇವೆ. ಅದೂ ಕಚೇರಿಯಲ್ಲಿ ಕೂರುವ ಸೇವೆಯಲ್ಲ. ಹೆಚ್ಚು ಅಗತ್ಯವಿರುವ ಬಡಾವಣೆಗಳಲ್ಲಿ ಗಸ್ತು. ನೇಮಿಸಿಕೊಂಡ ಇಲಾಖೆಗೆ ಪ್ರತಿ ಅಭ್ಯರ್ಥಿಗೆ ವರ್ಷಕ್ಕೆ 10,000 ಡಾಲರ್‌ನಂತೆ ಕೇಂದ್ರದ ನೆರವು. ಅಭ್ಯರ್ಥಿ ಅರ್ಧದಲ್ಲಿ ಕೈಕೊಟ್ಟರೆ ಪಡೆದ ಹಣವನ್ನೆಲ್ಲ ಶೇಕಡ 10ರ ಬಡ್ಡಿ ಸಮೇತ ಹಿಂದಿರುಗಿಸಬೇಕು.

ಒಂದು ವರ್ಗದ ವಿದ್ಯಾರ್ಥಿಗಳಿಗೆ ಮಾತ್ರ ಯಾವ ಬಾಂಡೂ ಇರಲಿಲ್ಲ. ಕರ್ತವ್ಯದಲ್ಲಿದ್ದಾಗ ಪ್ರಾಣ ತೆತ್ತ ಪೊಲೀಸರ ಮಕ್ಕಳಿಗೆ ಇದೇ ಕಾನೂನಿನಡಿ ವಿದ್ಯಾರ್ಥಿವೇತನ ಸಿಗುತ್ತಿತ್ತು. ಅವರು ಪೊಲೀಸರಾಗಬೇಕೆಂಬ ಷರತ್ತು ಇರಲಿಲ್ಲ. ಆ ಮನೆಯ ಬಾಕಿ ತಂದೆಯೋ ತಾಯಿಯೋ ತೀರಿಸಿ ಆಗಿತ್ತು. ಇಡೀ ಕಾನೂನಿನಲ್ಲಿ ನನ್ನ ಮನಸ್ಸನ್ನು ತಟ್ಟಿದ ಭಾಗ ಇದು.

ಹೆಚ್ಚು ಬುದ್ಧಿವಂತನಾದರೆ ಬೇಡ

ವಿರೋಧವೂ ಇತ್ತು. ನಾಲ್ಕು ವರ್ಷದ ಅತಿಥಿಗಳು ಬಂದು ಹೋಗುವುದಾದರೆ ಅನುಭವಿ ಪೊಲೀಸರು ಎಲ್ಲಿಂದ ಬರಬೇಕು ಎಂದು ಕೆಲವರು ಕೇಳಿದರು. ಕಾಲೇಜು ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷ ದುಡಿದವರಿಗೆ ಇದು ಅವಮಾನವೆಂದೂ ಅನ್ನಿಸಿತು. ಇನ್ನೊಂದು ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಶ್ರೀಮಂತರ ಮಕ್ಕಳು ತಮ್ಮ ಹಣದಲ್ಲಿ ಓದುತ್ತಾರೆ. ಬಾಂಡಿಗೆ ಸಹಿ ಹಾಕುವವರು ಬಡವರ ಮಕ್ಕಳು. ಹಾಗಾದರೆ ಇದು ಸೇವೆಯೋ, ಬಡತನದ ಮೇಲೆ ಹೇರಿದ ಸುಂಕವೋ?

ಇಲಾಖೆಗಳೇ ಓದಿದವರನ್ನು ಹೇಗೆ ನೋಡುತ್ತಿದ್ದವು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1996ರಲ್ಲಿ, ಅಂದರೆ ಪೊಲೀಸ್ ಕೋರ್‌ಗೆ ಮೊದಲ ಹಣ ಬಿಡುಗಡೆಯಾದ ವರ್ಷವೇ, ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದಲ್ಲಿ ಪದವೀಧರನೊಬ್ಬ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ. 50 ಅಂಕದ ಬುದ್ಧಿಪರೀಕ್ಷೆಯಲ್ಲಿ ಅವನಿಗೆ 33 ಬಂತು. ಇಲಾಖೆ ಸಂದರ್ಶನಕ್ಕೆ ಕರೆಯುತ್ತಿದ್ದುದು 20ರಿಂದ 27 ಅಂಕ ಬಂದವರನ್ನು ಮಾತ್ರ. ಹೆಚ್ಚು ಅಂಕ ಬಂದವನಿಗೆ ಕೆಲಸ ಬೇಸರವಾಗುತ್ತದೆ, ತರಬೇತಿಯ ಖರ್ಚು ಮಾಡಿಸಿ ಬಿಟ್ಟುಹೋಗುತ್ತಾನೆ ಎಂಬುದು ಇಲಾಖೆಯ ಸಮರ್ಥನೆ. ಆತ ನ್ಯಾಯಾಲಯಕ್ಕೆ ಹೋದ. 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಇಲಾಖೆಯ ಪರವಾಗಿಯೇ ನಿಂತಿತು. ಎಲ್ಲರಿಗೂ ಒಂದೇ ಅಳತೆ ಅನ್ವಯಿಸಿರುವುದರಿಂದ ತಾರತಮ್ಯವಿಲ್ಲ ಎಂಬುದು ತೀರ್ಪಿನ ತಾತ್ಪರ್ಯ.

ಒಂದು ಕೈ ಓದಿದವರನ್ನು ಹಣ ಕೊಟ್ಟು ಕರೆಯುತ್ತಿತ್ತು, ಇನ್ನೊಂದು ಕೈ ಬಾಗಿಲು ಹಾಕುತ್ತಿತ್ತು.

ಸಹಿ ನಾಲ್ಕು ವರ್ಷಕ್ಕೆ, ಹಣ ವರ್ಷಕ್ಕೊಮ್ಮೆ

1996ರಲ್ಲಿ ಯೋಜನೆಗೆ ಸಿಕ್ಕಿದ್ದು 1 ಕೋಟಿ ಡಾಲರ್. ಮೇರಿಲ್ಯಾಂಡ್, ಓರೆಗಾನ್, ನಾರ್ತ್ ಕೆರೊಲಿನಾ ಮೊದಲಾದ ಕೆಲವೇ ರಾಜ್ಯಗಳಲ್ಲಿ ಅದು ಆರಂಭವಾಯಿತು. ಮೇರಿಲ್ಯಾಂಡಿನಲ್ಲಿ ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು ರಾಬರ್ಟ್ ಕೆನಡಿಯವರ ಮಗಳು ಕ್ಯಾಥ್ಲೀನ್ ಕೆನಡಿ ಟೌನ್‌ಸೆಂಡ್. ತಂದೆಯ ಭಾಷಣ ಬರೆಯುತ್ತಿದ್ದವರ ಕನಸಿಗೆ ಮಗಳು ಬೆಂಬಲವಾಗಿ ನಿಂತರು.

ಈ 1 ಕೋಟಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಅದೇ 1994ರ ಕಾನೂನಿನಲ್ಲಿ ಒಂದು ಲಕ್ಷ ಹೊಸ ಪೊಲೀಸರ ನೇಮಕಕ್ಕಾಗಿ ಆರು ವರ್ಷಗಳಿಗೆ 880 ಕೋಟಿ ಡಾಲರ್ ಮಂಜೂರಾಗಿತ್ತು. ನಗರದ ಮೇಯರ್‌ಗೆ ಈ ತಿಂಗಳೇ ಪೊಲೀಸರು ಬೇಕು. ವಿದ್ಯಾರ್ಥಿ ಓದಿ, ತರಬೇತಿ ಮುಗಿಸಿ, ಬೀದಿಗಿಳಿಯುವ ಹೊತ್ತಿಗೆ ಮುಂದಿನ ಚುನಾವಣೆಯೇ ಕಳೆದಿರುತ್ತದೆ. ಬೇಗ ಫಲ ಕೊಡುವ ಗಿಡಕ್ಕೆ ನೀರು ಹೆಚ್ಚು, ತಡವಾಗಿ ಫಲ ಕೊಡುವ ಮರಕ್ಕೆ ಕಡಿಮೆ.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2000ದಲ್ಲಿ ಪೊಲೀಸ್ ಕೋರ್ ಕುರಿತು ವರದಿ ನೀಡಿತು. ಹಣವಿದ್ದರೂ ಬಹುಪಾಲು ಸ್ಥಾನಗಳು ಭರ್ತಿಯಾಗದೆ ಉಳಿದಿವೆ ಎಂಬುದು ಆ ವರದಿಯ ಶೀರ್ಷಿಕೆಯಲ್ಲೇ ಇತ್ತು. ಕಾರಣಗಳು ನಮಗೂ ಅಪರಿಚಿತವಲ್ಲ. ಯೋಜನೆ ನೋಡಿಕೊಳ್ಳಲು ಸಾಕಷ್ಟು ಸಿಬ್ಬಂದಿಯನ್ನು ಕೊಟ್ಟಿರಲಿಲ್ಲ. ಅರ್ಜಿಗಳು ಮೇಜಿನ ಮೇಲೆ ಕೊಳೆತವು. ವಿದ್ಯಾರ್ಥಿಗಳನ್ನು ಹುಡುಕಿ ಕರೆತರುವ ಖರ್ಚಿಗೆ, ರಾಜ್ಯಗಳ ಕಚೇರಿ ವೆಚ್ಚಕ್ಕೆ ಕಾನೂನಿನಲ್ಲಿ ಹಣವನ್ನೇ ಇಟ್ಟಿರಲಿಲ್ಲ. 1998ರ ಕೊನೆಯಲ್ಲಿ ಯೋಜನೆಯನ್ನು ನ್ಯಾಯ ಇಲಾಖೆಯ ಇನ್ನೊಂದು ಕಚೇರಿಗೆ ವರ್ಗಾಯಿಸಿದ ಮೇಲೆ ಕೆಲಸ ಸ್ವಲ್ಪ ಚುರುಕಾಯಿತು. ರಾಜ್ಯಗಳ ಸಂಖ್ಯೆಯೂ ಹೆಚ್ಚಿತು. ಆದರೆ ಕೆಲವೇ ವರ್ಷಗಳಲ್ಲಿ ಅನುದಾನ ಇಳಿಯುತ್ತ ಬಂದು, 2000ದ ದಶಕ ಮುಗಿಯುವ ಮೊದಲೇ ಯೋಜನೆ ನಿಂತುಹೋಯಿತು.

ಮಿತ್ರರೆ, ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ವಿದ್ಯಾರ್ಥಿಯ ಸಹಿ ನಾಲ್ಕು ವರ್ಷಕ್ಕೆ. ತಪ್ಪಿದರೆ ಶೇಕಡ 10ರ ಬಡ್ಡಿ. ಆದರೆ ಯೋಜನೆಯ ಹಣ ಸಂಸತ್ತು ವರ್ಷಕ್ಕೊಮ್ಮೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಪ್ಪತ್ತು ವರ್ಷದ ಹುಡುಗ ಅಥವಾ ಹುಡುಗಿ ತನ್ನ ಮುಂದಿನ ಬದುಕನ್ನು ಬರೆದುಕೊಡಬೇಕು. ಸರ್ಕಾರ ಮಾತ್ರ ಮುಂದಿನ ಬಜೆಟ್‌ವರೆಗೆ ಮಾತು ಕೊಡುತ್ತದೆ. ಯೋಜನೆ ಗಟ್ಟಿಯಾಗಿ ಬೇರು ಬಿಡದಿದ್ದಕ್ಕೆ ವಿದ್ಯಾರ್ಥಿಗಳ ಸ್ವಾರ್ಥ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಬಾಂಡು ಒಂದೇ ಕಡೆಯದಾಗಿತ್ತು.

ಪುಸ್ತಕ ಬೀದಿಯಲ್ಲಿ ಕೆಲಸ ಮಾಡುತ್ತದೆಯೆ?

ಹಾಗಾದರೆ ವಿಚಾರವೇ ತಪ್ಪೆ? ಹಾಗೆ ಹೇಳಲಾಗದು. 2010ರಲ್ಲಿ ರೈಡ್‌ಬರ್ಗ್ ಮತ್ತು ಟೆರಿಲ್ ಎಂಬ ಸಂಶೋಧಕರು ಅಮೆರಿಕದ ಎರಡು ನಗರಗಳ ಪೊಲೀಸರ ನಡವಳಿಕೆಯ ಅಧ್ಯಯನ ಪ್ರಕಟಿಸಿದರು. ಕಾಲೇಜು ಓದಿದವರಿಗೂ ಓದದವರಿಗೂ ಬಂಧನ, ಶೋಧನೆಗಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಲಪ್ರಯೋಗ ಮಾಡುವ ಸಂಭವ ಓದಿದವರಲ್ಲಿ ಕಡಿಮೆಯಿತ್ತು. ಇದು ಸಣ್ಣ ಫಲವಲ್ಲ. ಕೈ ಎತ್ತುವ ಮೊದಲಿನ ಒಂದು ಕ್ಷಣದ ಯೋಚನೆಯಿಂದ ಒಬ್ಬನ ಪ್ರಾಣವೇ ಉಳಿಯಬಹುದು.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಅಮೆರಿಕದಲ್ಲಿ ಈ ಚರ್ಚೆ ಮತ್ತೆ ತಲೆಯೆತ್ತಿತು. ಪೊಲೀಸ್ ಅಧಿಕಾರಿಯಾಗಲು ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ಕ್ಯಾಲಿಫೋರ್ನಿಯಾ, ಪೊಲೀಸ್ ಕೆಲಸಕ್ಕೆ ಹೊಂದುವ ಪದವಿಯೊಂದನ್ನು ರೂಪಿಸುವಂತೆ 2021ರ ಕಾನೂನಿನಲ್ಲಿ ತನ್ನ ಕಾಲೇಜುಗಳಿಗೆ ಸೂಚಿಸಿತು. ವೋಲ್ಮರ್ ಬರ್ಕ್ಲಿಯಲ್ಲಿ ಶಾಲೆ ತೆರೆದು ಆಗ ನೂರು ವರ್ಷ ದಾಟಿತ್ತು.

ನಮ್ಮಲ್ಲಿ ಸ್ಥಿತಿ ಬೇರೆ. ಕರ್ನಾಟಕದಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ ಬೇಕು. ಆದರೆ ರಾತ್ರಿ ಪಾಳಿಯಲ್ಲಿ ನಾನು ಠಾಣೆಗೆ ಹೋದಾಗ ದಿನಚರಿ ಪುಸ್ತಕದ ಕೆಳಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಇಟ್ಟುಕೊಂಡು ಓದುವ ಪದವೀಧರ ಕಾನ್‌ಸ್ಟೆಬಲ್‌ಗಳನ್ನು ಕಂಡಿದ್ದೇನೆ. ಓದಿದವರು ತಾವಾಗಿಯೇ ಬರುತ್ತಿದ್ದಾರೆ, ಅದೂ ನಿರುದ್ಯೋಗದ ದೆಸೆಯಿಂದ. ಅವರ ಓದನ್ನು ಠಾಣೆ ಹೇಗೆ ಬಳಸಿಕೊಳ್ಳುತ್ತದೆ? ‘ಬರವಣಿಗೆ ಚೆನ್ನಾಗಿದೆ, ಪಂಚನಾಮೆ ಬರಿ’ ಎನ್ನುವಲ್ಲಿಗೆ ಮುಗಿಯುವುದುಂಟು.

ಬಾಂಡ್ ಎಂಬುದು ನಮಗೆ ಹೊಸದಲ್ಲ. ವೈದ್ಯ ಪದವೀಧರರು ಒಂದು ವರ್ಷ ಕಡ್ಡಾಯ ಗ್ರಾಮೀಣ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾನೂನು ಮಾಡಿತು. ಅದು ಹಲವು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯಿತು. ಅಲ್ಲಿಯೂ ಪ್ರಶ್ನೆ ಇದೇ: ಹಳ್ಳಿಗೆ ಹೋಗು ಎಂದು ವೈದ್ಯನನ್ನು ಕಟ್ಟಿಹಾಕುವ ಸರ್ಕಾರ, ಆ ಹಳ್ಳಿಯಲ್ಲಿ ಔಷಧಿ, ದಾದಿ, ಮಲಗಲು ಒಂದು ಕೋಣೆ ಇರುತ್ತದೆಂದು ತನ್ನನ್ನು ತಾನು ಕಟ್ಟಿಹಾಕಿಕೊಳ್ಳುತ್ತದೆಯೆ?

ಇದಕ್ಕೂ ಹಿಂದೆ ನಮ್ಮಲ್ಲಿ ವಾರಾನ್ನ ಇತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದ. ಯಾವ ಕಾಗದಕ್ಕೂ ಸಹಿ ಹಾಕಿಸಿಕೊಳ್ಳಲಿಲ್ಲ. ಜಾತಿಯ ಗೆರೆಯೊಳಗೆ ನಡೆದ ವ್ಯವಸ್ಥೆ ಅದು, ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ, ಅದನ್ನು ಮರೆಯಬಾರದು. ಆದರೂ ಅಲ್ಲಿ ಉಂಡವರು ಅದನ್ನು ಸಾಲ ಎನ್ನಲಿಲ್ಲ, ಋಣ ಎಂದರು. ಸಾಲಕ್ಕೆ ಬಡ್ಡಿ ಉಂಟು, ಗಡುವು ಉಂಟು. ನಾಲ್ಕು ವರ್ಷ ಮುಗಿದ ದಿನ ಅದು ತೀರುತ್ತದೆ. ಋಣಕ್ಕೆ ಕೊಟ್ಟವರ ಮುಖ ನೆನಪಿರಬೇಕು.

ಇನ್ನು ಆ ವಿದ್ಯಾರ್ಥಿಗೆ ಉತ್ತರ. ಅವನು ಈ ಸಭೆಯಲ್ಲೇ ಇದ್ದಾನೆ, ಹೆಸರು ಹೇಳುವುದಿಲ್ಲ. ತಮ್ಮ, ನಿನ್ನ ಪ್ರಶ್ನೆ ಸರಿಯಾಗಿದೆ. ಅಂಥ ಯೋಜನೆ ಬಂದರೆ ಒಳ್ಳೆಯದೇ. ಬಂದ ದಿನ ಅರ್ಜಿ ಹಾಕು. ಆದರೆ ಸಹಿ ಮಾಡುವ ಮೊದಲು ಕಾಗದವನ್ನು ಎರಡು ಸಲ ಓದು. ಮೊದಲ ಸಲ, ನೀನು ಏನು ಕೊಡಬೇಕು ಎಂಬುದನ್ನು. ಎರಡನೆಯ ಸಲ, ಅವರು ಏನು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ, ತಪ್ಪಿದರೆ ಅವರಿಗೆ ಬಡ್ಡಿ ಎಷ್ಟು ಎಂಬುದನ್ನು. ಎರಡನೆಯದು ಅಲ್ಲಿ ಬರೆದಿಲ್ಲದಿದ್ದರೆ ಎದ್ದು ನಿಂತು ಕೇಳು. ಓದಿದವರು ಪೊಲೀಸರಾಗಬೇಕು ಎಂದು ಎಲ್ಲರೂ ಹೇಳುವುದು ಹಾಗೆ ಕೇಳಬಲ್ಲವರು ಬೇಕೆಂದೇ ಅಲ್ಲವೆ?